ಕೀಲು ಹಿಡಿಯದಂತೆ ಕಾಪಾಡಿಕೊಳ್ಳಿ: ರೈತ ಕುಟುಂಬಗಳಿಗೆ ಕೀಲು ಚಲನೆಯ ವ್ಯಾಯಾಮಗಳು

ರೈತನ ಮೊದಲ ಬಂಡವಾಳ ಅವನ ಕೈಕಾಲುಗಳು. ನೇಗಿಲು ಮುರಿದರೆ ಬೇರೆ ಮಾಡಿಸಬಹುದು. ಪಂಪ್‌ಸೆಟ್ಟು ಕೆಟ್ಟರೆ ರಿಪೇರಿ ಮಾಡಿಸಬಹುದು. ಎತ್ತು ಕುಂಟಿದರೆ ನೆರೆಯವರ ಎತ್ತನ್ನು ಒಂದು ದಿನದ ಮಟ್ಟಿಗೆ ಕೇಳಿ ತರಬಹುದು. ಆದರೆ ಮೊಣಕೈ ಮಡಿಸಲು ಬಾರದಿದ್ದರೆ ಅಥವಾ ಮಂಡಿ ಬಗ್ಗದಿದ್ದರೆ ಎರವಲು ತರುವ ಮಾತೇ ಇಲ್ಲ.

ಮರದಿಂದ ಬೀಳುವುದು, ಮೋಟಾರ್ ಸೈಕಲ್ಲಿನಿಂದ ಬೀಳುವುದು, ಎತ್ತು ಹಾಯುವುದು, ಒಕ್ಕಣೆ ಯಂತ್ರಕ್ಕೆ ಕೈ ಸಿಕ್ಕುವುದು ಮುಂತಾದ ಕಾರಣಗಳಿಂದ ಹಳ್ಳಿಗಳಲ್ಲಿ ಕೈಕಾಲು ಮುರಿದುಕೊಳ್ಳುವವರು ಹಲವರು. ಮುರಿದ ಮೂಳೆ ಕೆಲವು ವಾರಗಳಲ್ಲಿ ಕೂಡಿಕೊಳ್ಳುತ್ತದೆ. ವೈದ್ಯರು ಕಟ್ಟು ಬಿಚ್ಚಿ "ಮೂಳೆ ಸರಿಹೋಗಿದೆ" ಎಂದು ಕಳುಹಿಸುತ್ತಾರೆ. ಆದರೆ ಮನೆಗೆ ಬಂದು ನೋಡಿದರೆ ಬೆರಳು ಮಡಿಸಲು ಬರುವುದಿಲ್ಲ, ಕುಡುಗೋಲು ಹಿಡಿತಕ್ಕೆ ಸಿಗುವುದಿಲ್ಲ, ಹಾಲು ಕರೆಯಲು ಕುಕ್ಕರುಗಾಲಿನಲ್ಲಿ ಕೂರಲಾಗುವುದಿಲ್ಲ. ಮೂಳೆ ಗುಣವಾಗಿದ್ದರೂ ಕೀಲು ಹಿಡಿದುಕೊಂಡಿರುತ್ತದೆ. ಲಕ್ವ ಹೊಡೆದವರಲ್ಲಿ, ಬಹುಕಾಲ ಹಾಸಿಗೆ ಹಿಡಿದವರಲ್ಲಿ ಮತ್ತು ಸಕ್ಕರೆ ಕಾಯಿಲೆ ಇರುವ ಕೆಲವರ ಭುಜದಲ್ಲಿಯೂ ಇದೇ ತೊಂದರೆ ಕಾಣಿಸಿಕೊಳ್ಳುತ್ತದೆ.

ಹಿಡಿದುಹೋದ ಕೀಲನ್ನು ಬಿಡಿಸುವುದು ಬಹಳ ಕಷ್ಟ. ಹಿಡಿಯದಂತೆ ನೋಡಿಕೊಳ್ಳುವುದು ಅದಕ್ಕಿಂತ ಎಷ್ಟೋ ಸುಲಭ. ಇದಕ್ಕೆ ಬೆಲೆಬಾಳುವ ಸಲಕರಣೆಗಳು ಬೇಕಿಲ್ಲ. ಯಾವ ಕೀಲನ್ನು, ಯಾವಾಗ, ಎಷ್ಟು ಆಡಿಸಬೇಕು ಎಂಬ ತಿಳುವಳಿಕೆ ಮತ್ತು ದಿನವೂ ತಪ್ಪದೆ ಮಾಡುವ ತಾಳ್ಮೆ ಇದ್ದರೆ ಸಾಕು.

ಕೀಲಿನ ರಚನೆ

ಎರಡು ಮೂಳೆಗಳು ಸೇರುವ ಜಾಗವೇ ಕೀಲು. ಮೂಳೆಗಳ ತುದಿಗೆ ನುಣುಪಾದ ಮೃದ್ವಸ್ಥಿಯ ಹೊದಿಕೆ ಇರುತ್ತದೆ. ಎರಡನ್ನೂ ಸುತ್ತುವರಿದು ಒಂದು ಗಟ್ಟಿ ಚೀಲವಿರುತ್ತದೆ. ಚೀಲದ ಒಳಪದರವು ಲೋಳೆಯಂಥ ಕೀಲುರಸವನ್ನು ಸ್ರವಿಸುತ್ತದೆ. ಚೀಲದ ಹೊರಗೆ ಕಟ್ಟುನಾರುಗಳೂ ಸ್ನಾಯುಗಳೂ ಇರುತ್ತವೆ.

ಗಾಡಿಯ ಅಚ್ಚಿಗೆ ಕೀಲೆಣ್ಣೆ ಹೇಗೋ ಹಾಗೆಯೇ ಕೀಲಿಗೆ ಈ ರಸ. ಆದರೆ ಒಂದು ಮುಖ್ಯ ವ್ಯತ್ಯಾಸವಿದೆ. ಕೀಲೆಣ್ಣೆಯ ಕೆಲಸ ಸವೆತ ತಡೆಯುವುದಷ್ಟೇ. ಕೀಲುರಸವಾದರೋ ಮೃದ್ವಸ್ಥಿಗೆ ಆಹಾರವನ್ನೂ ಒದಗಿಸುತ್ತದೆ. ಬೆಳೆದವರ ಮೃದ್ವಸ್ಥಿಯಲ್ಲಿ ರಕ್ತನಾಳಗಳಿಲ್ಲ. ಕೀಲು ಆಡಿದಾಗ, ಅದರ ಮೇಲೆ ಭಾರ ಬಿದ್ದು ಇಳಿದಾಗ, ಸ್ಪಂಜು ಹಿಂಡಿ ಬಿಟ್ಟಂತೆ ರಸವು ಒಳಹೊಕ್ಕು ಹೊರಬರುತ್ತದೆ. ಆದ್ದರಿಂದ ಕೀಲು ಆಡದಿದ್ದರೆ ಮೃದ್ವಸ್ಥಿಯ ಪೋಷಣೆ ಕುಗ್ಗುತ್ತದೆ.

ಕೀಲು ಹಿಡಿಯುವುದು ಹೇಗೆ?

ಕೀಲನ್ನು ವಾರಗಟ್ಟಲೆ ಒಂದೇ ಭಂಗಿಯಲ್ಲಿಟ್ಟಾಗ ಮೂರು ಬದಲಾವಣೆಗಳು ಆಗುತ್ತವೆ. ಮೊದಲನೆಯದಾಗಿ, ಕೀಲಿನ ಚೀಲ ಕುಗ್ಗಿ ಗಟ್ಟಿಯಾಗುತ್ತದೆ. ಅದರ ಮಡಿಕೆಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಎರಡನೆಯದಾಗಿ, ಸ್ನಾಯು ಸೊರಗಿ ತೆಳ್ಳಗಾಗುತ್ತದೆ. ಮೂರನೆಯದಾಗಿ, ಮಡಿಸಿಟ್ಟ ಬದಿಯ ಸ್ನಾಯು ಗಿಡ್ಡವಾಗುತ್ತದೆ. ಗಾಯದ ಊತ ಇಳಿಯದೆ ಬಹಳ ದಿನ ನಿಂತರೆ ಈ ಎಲ್ಲವೂ ಬೇಗ ಆಗುತ್ತವೆ.

1972ರಲ್ಲಿ ಫ್ರಾನ್ಸಿನ ವಿಜ್ಞಾನಿಗಳು ಬೆಕ್ಕುಗಳ ಹಿಂಗಾಲಿಗೆ ಪ್ಲಾಸ್ಟರ್ ಹಾಕಿ ಇದನ್ನು ಪರೀಕ್ಷಿಸಿದರು. ಗಿಡ್ಡ ಸ್ಥಿತಿಯಲ್ಲಿ ನಾಲ್ಕು ವಾರ ಕಟ್ಟಿಟ್ಟ ಮೀನಖಂಡದ ಸ್ನಾಯುವಿನ ಎಳೆಗಳಲ್ಲಿ, ಉದ್ದಕ್ಕೆ ಸರಪಳಿಯ ಕೊಂಡಿಗಳಂತೆ ಜೋಡಣೆಗೊಂಡಿರುವ ಘಟಕಗಳು ಸುಮಾರು ಶೇಕಡ 40ರಷ್ಟು ಕಡಿಮೆಯಾಗಿದ್ದವು. ಕಟ್ಟು ಬಿಚ್ಚಿ ಕಾಲಾಡಿಸಲು ಬಿಟ್ಟ ಬಳಿಕ ಅವು ಮತ್ತೆ ಸಹಜ ಸಂಖ್ಯೆಗೆ ಮರಳಿದವು. ಸ್ನಾಯು ತಾನು ಇರುವ ಭಂಗಿಗೆ ಹೊಂದಿಕೊಳ್ಳುತ್ತದೆ ಎಂಬುದು ಇದರಿಂದ ತಿಳಿಯುತ್ತದೆ.

ಗಾಯಗೊಂಡ ಕೀಲಿಗೆ ವಿಶ್ರಾಂತಿಯೇ ಮದ್ದು ಎಂಬ ನಂಬಿಕೆ ಹಿಂದೆ ವೈದ್ಯರಲ್ಲಿಯೂ ಬಲವಾಗಿತ್ತು. ಕೆನಡಾ ದೇಶದ ಟೊರಾಂಟೊ ನಗರದ ಮೂಳೆ ಶಸ್ತ್ರವೈದ್ಯ ರಾಬರ್ಟ್ ಸಾಲ್ಟರ್ ಅವರು 1970ರ ದಶಕದಲ್ಲಿ ಮೊಲಗಳ ಮಂಡಿಯ ಮೇಲೆ ಪ್ರಯೋಗಗಳನ್ನು ನಡೆಸಿ, ಕಟ್ಟಿಟ್ಟ ಕೀಲಿಗಿಂತ ನಿಧಾನವಾಗಿ ಆಡಿಸುತ್ತಿದ್ದ ಕೀಲಿನಲ್ಲಿ ಮೃದ್ವಸ್ಥಿ ಚೆನ್ನಾಗಿ ಗುಣವಾಗುವುದನ್ನು ತೋರಿಸಿಕೊಟ್ಟರು. ಮುರಿದ ಮೂಳೆಗೆ ವಿಶ್ರಾಂತಿ ಅಗತ್ಯ. ಅದರ ಜೊತೆಗೆ ಕೀಲಿಗೆ ಎಷ್ಟು ಬೇಗ ಸಾಧ್ಯವೋ ಅಷ್ಟು ಬೇಗ ಚಲನೆಯೂ ಅಗತ್ಯ ಎಂಬುದು ಇಂದಿನ ತಿಳುವಳಿಕೆ.

ಪೂರ್ಣ ಚಲನೆ ಎಂದರೆ ಎಷ್ಟು?

ಪ್ರತಿ ಕೀಲಿಗೂ ಆಡುವ ಒಂದು ಮಿತಿ ಇದೆ. ಇದನ್ನು ಡಿಗ್ರಿಗಳಲ್ಲಿ ಅಳೆಯುತ್ತಾರೆ. ನೆಲಕ್ಕೂ ಗೋಡೆಗೂ ನಡುವಿನ ಮೂಲೆ 90 ಡಿಗ್ರಿ. ನೆಟ್ಟಗಿನ ಗೆರೆ 180 ಡಿಗ್ರಿ. ಆರೋಗ್ಯವಂತರಲ್ಲಿ ಸುಮಾರಾಗಿ ಕಂಡುಬರುವ ಅಳತೆಗಳು ಹೀಗಿವೆ:

ಭುಜ: ಕೈಯನ್ನು ಮುಂದಿನಿಂದ ಮೇಲಕ್ಕೆತ್ತಿ ಕಿವಿಯ ಪಕ್ಕಕ್ಕೆ ತರುವುದು, 180 ಡಿಗ್ರಿ. ಹುಲ್ಲಿನ ಹೊರೆಯನ್ನು ತಲೆಗೇರಿಸಲು ಇದು ಬೇಕು.

ಮೊಣಕೈ: ನೆಟ್ಟಗಿನ ಸ್ಥಿತಿಯಿಂದ ಪೂರ್ತಿ ಮಡಿಸಿದಾಗ ಸುಮಾರು 145 ಡಿಗ್ರಿ.

ಮುಂಗೈ: ಅಂಗೈ ಮೇಲಕ್ಕೂ ಕೆಳಕ್ಕೂ ತಿರುಗುವುದು, ತಲಾ ಸುಮಾರು 80 ಡಿಗ್ರಿ. ಬೊಗಸೆಯೊಡ್ಡಲು ಅಂಗೈ ಮೇಲಾಗಬೇಕು, ಗುದ್ದಲಿ ಹಿಡಿಯಲು ಕೆಳಗಾಗಬೇಕು.

ಮಣಿಕಟ್ಟು: ಹಿಂದಕ್ಕೆ ಸುಮಾರು 70, ಒಳಕ್ಕೆ ಸುಮಾರು 80 ಡಿಗ್ರಿ.

ಮಂಡಿ: ನೆಟ್ಟಗಿನ ಸ್ಥಿತಿಯಿಂದ 135 ರಿಂದ 140 ಡಿಗ್ರಿ. ಕುಕ್ಕರುಗಾಲಿನಲ್ಲಿ ಕುಳಿತಾಗ ಮೈಭಾರದಿಂದ ಇನ್ನೂ ಸ್ವಲ್ಪ ಹೆಚ್ಚು.

ಪಾದದ ಕೀಲು: ಪಾದ ಮೇಲಕ್ಕೆ ಸುಮಾರು 20, ಕೆಳಕ್ಕೆ ಸುಮಾರು 50 ಡಿಗ್ರಿ.

ಈ ಅಂಕಿಗಳನ್ನು ಬಾಯಿಪಾಠ ಮಾಡಬೇಕಿಲ್ಲ. ಆದರೆ ಒಂದು ವಿಷಯವನ್ನು ಮನಗಾಣಬೇಕು. ಸಮತಟ್ಟಾದ ನೆಲದ ಮೇಲೆ ನಡೆಯಲು ಮಂಡಿ 60 ರಿಂದ 65 ಡಿಗ್ರಿ ಬಗ್ಗಿದರೆ ಸಾಕು. ಮೆಟ್ಟಿಲು ಹತ್ತಿಳಿಯಲು ಸುಮಾರು 90 ಡಿಗ್ರಿ ಬೇಕು. ಕಳೆ ಕೀಳಲು, ಹಾಲು ಕರೆಯಲು, ಬಯಲಿಗೋ ನೆಲಮಟ್ಟದ ಕಕ್ಕಸಿಗೋ ಹೋಗಲು ಕುಕ್ಕರುಗಾಲು ಹಾಕಬೇಕಾದವರಿಗೆ 130 ಡಿಗ್ರಿಗೂ ಮಿಗಿಲಾಗಿ ಬೇಕು. ಕುರ್ಚಿಯ ಮೇಲೆ ಕೂತು ಕೆಲಸ ಮಾಡುವವರಿಗೆ "ಸಾಕು" ಎನಿಸಿದ ಮಂಡಿ ರೈತನಿಗೆ ಸಾಲದು. ಆದ್ದರಿಂದ ಚಿಕಿತ್ಸೆಗೆ ಹೋದಾಗ "ನಡೆಯಲು ಬಂದರೆ ಸಾಕು" ಎನ್ನಬೇಡಿ. ನಿಮ್ಮ ಕೆಲಸವೇನು, ಅದಕ್ಕೆ ಹೇಗೆ ಕೂರಬೇಕು, ಹೇಗೆ ಏಳಬೇಕು, ಏನನ್ನು ಎತ್ತಬೇಕು ಎಂಬುದನ್ನು ವೈದ್ಯರಿಗೂ ಫಿಸಿಯೋಥೆರಪಿಸ್ಟರಿಗೂ ವಿವರವಾಗಿ ತಿಳಿಸಿ.

ದುಡಿಯುವವರಿಗೂ ವ್ಯಾಯಾಮ ಬೇಕೆ?

ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ಬೇರೆ ವ್ಯಾಯಾಮ ಏಕೆ ಎಂದು ನೀವು ಕೇಳಬಹುದು. ದುಡಿಮೆಯಿಂದ ಬಲ ಬರುತ್ತದೆ ನಿಜ. ಆದರೆ ಒಂದೊಂದು ಕೆಲಸವೂ ಕೀಲನ್ನು ಅದರ ಚಲನೆಯ ಒಂದು ಭಾಗದಲ್ಲಿ ಮಾತ್ರ ಆಡಿಸುತ್ತದೆ. ನಾಟಿ ಮಾಡುವವರು ಗಂಟೆಗಟ್ಟಲೆ ಬಗ್ಗಿಯೇ ಇರುತ್ತಾರೆ. ಟ್ರ್ಯಾಕ್ಟರ್ ಓಡಿಸುವವರ ಭುಜ ಎದೆಯ ಮಟ್ಟಕ್ಕಿಂತ ಮೇಲೇರುವುದೇ ಅಪರೂಪ. ಹೀಗೆ ಬಳಸದೆ ಬಿಟ್ಟ ಭಾಗ ವಯಸ್ಸಾದಂತೆ ನಿಧಾನವಾಗಿ ಕಡಿಮೆಯಾಗುತ್ತ ಹೋಗುತ್ತದೆ. ದಿನಕ್ಕೊಮ್ಮೆ ಎಲ್ಲ ಕೀಲುಗಳನ್ನೂ ಅವುಗಳ ಪೂರ್ಣ ಮಿತಿಯವರೆಗೆ ಆಡಿಸುವುದು ಎಲ್ಲರಿಗೂ ಒಳ್ಳೆಯದು. ಪೆಟ್ಟು ಬಿದ್ದವರಿಗೆ, ಕಾಯಿಲೆಯವರಿಗೆ ಇದು ಅತ್ಯವಶ್ಯ.

ಮೂರು ಬಗೆಯ ಚಲನೆಗಳು

1. ತಾನೇ ಮಾಡುವ ಚಲನೆ: ರೋಗಿಯು ತನ್ನ ಸ್ನಾಯುಬಲದಿಂದಲೇ ಕೀಲನ್ನು ಆಡಿಸುವುದು. ಇದರಿಂದ ಕೀಲು ಸಡಿಲವಾಗುವುದರ ಜೊತೆಗೆ ಸ್ನಾಯುವಿಗೆ ಬಲವೂ ಬರುತ್ತದೆ. ಆದ್ದರಿಂದ ಇದೇ ಎಲ್ಲಕ್ಕಿಂತ ಉತ್ತಮ.

2. ನೆರವಿನ ಚಲನೆ: ರೋಗಿಯು ಕೈಲಾದಷ್ಟು ಮಾಡಿ, ಉಳಿದುದನ್ನು ತನ್ನ ಇನ್ನೊಂದು ಕೈಯಿಂದಲೋ, ಕೋಲಿನಿಂದಲೋ, ಹಗ್ಗದಿಂದಲೋ, ಬೇರೆಯವರ ಸಹಾಯದಿಂದಲೋ ಪೂರೈಸುವುದು.

3. ಬೇರೆಯವರು ಮಾಡಿಸುವ ಚಲನೆ: ರೋಗಿಗೆ ಸ್ವಲ್ಪವೂ ಆಡಿಸಲು ಬಾರದಿದ್ದಾಗ ಮನೆಯವರು ಮೆಲ್ಲಗೆ ಆಡಿಸುವುದು. ಇದರಿಂದ ಸ್ನಾಯುಬಲ ಬರುವುದಿಲ್ಲ.

ಮೂರನೆಯದರಿಂದ ಎರಡನೆಯದಕ್ಕೆ, ಎರಡನೆಯದರಿಂದ ಮೊದಲನೆಯದಕ್ಕೆ ಬೇಗ ಸಾಗುವುದೇ ಗುರಿ. ರೋಗಿಯು ಬೆರಳನ್ನು ಒಂದಿಷ್ಟೇ ಆಡಿಸಬಲ್ಲನಾದರೂ ಅಷ್ಟನ್ನು ಅವನೇ ಮಾಡಲಿ. ಮನೆಯವರು ಕನಿಕರದಿಂದ ಎಲ್ಲವನ್ನೂ ತಾವೇ ಮಾಡಿಸಬಾರದು.

ಎಲ್ಲರೂ ಪಾಲಿಸಬೇಕಾದ ನಿಯಮಗಳು

* ಮೂಳೆ ಮುರಿದಿದ್ದರೆ, ಶಸ್ತ್ರಚಿಕಿತ್ಸೆಯಾಗಿದ್ದರೆ, ಯಾವ ಕೀಲನ್ನು ಎಂದಿನಿಂದ ಆಡಿಸಬಹುದೆಂದು ವೈದ್ಯರನ್ನು ಕೇಳಿಯೇ ಪ್ರಾರಂಭಿಸಿ.
* ಪ್ರತಿ ಚಲನೆಯನ್ನೂ ನಿಧಾನವಾಗಿ, ಎಳೆತ ಅನುಭವಕ್ಕೆ ಬರುವವರೆಗೆ ಮಾಡಿ. ಅಲ್ಲಿ ಐದರವರೆಗೆ ಎಣಿಸಿ ಹಿಂತಿರುಗಿ. ಜಗ್ಗಬೇಡಿ, ಒದರಬೇಡಿ.
* ಒಂದು ಚಲನೆಯನ್ನು 10 ಬಾರಿ, ದಿನಕ್ಕೆ ಎರಡು ಮೂರು ಸಲ ಮಾಡಿ. ವಾರಕ್ಕೊಮ್ಮೆ ಒಂದು ಗಂಟೆ ಮಾಡುವುದಕ್ಕಿಂತ ದಿನಕ್ಕೆ ಮೂರು ಸಲ ಹತ್ತು ನಿಮಿಷ ಮಾಡುವುದು ಮೇಲು. ಬೆಳಿಗ್ಗೆ ಹಾಲು ಕರೆದ ಮೇಲೆ, ಮಧ್ಯಾಹ್ನ ಊಟಕ್ಕೆ ಮುಂಚೆ, ರಾತ್ರಿ ಮಲಗುವ ಮುನ್ನ ಎಂದು ಹೊತ್ತು ಗೊತ್ತುಮಾಡಿಕೊಂಡರೆ ತಪ್ಪಿಹೋಗುವುದಿಲ್ಲ.
* ಸ್ವಲ್ಪ ನೋವು, ಎಳೆತ ಸಹಜ. ವ್ಯಾಯಾಮ ಮುಗಿದು ಒಂದೆರಡು ಗಂಟೆಯಾದರೂ ನೋವು ಇಳಿಯದಿದ್ದರೆ ಅಥವಾ ಮರುದಿನ ಊತ ಹೆಚ್ಚಿದ್ದರೆ ಅತಿಯಾಯಿತೆಂದು ತಿಳಿದು ಕಡಿಮೆ ಮಾಡಿ.
* ಹಳೆಯ ಬಿಗಿತಕ್ಕೆ ವ್ಯಾಯಾಮದ ಮುನ್ನ 15 ನಿಮಿಷ ಬಿಸಿನೀರಿನ ಶಾಖ ಕೊಡಬಹುದು. ಸಕ್ಕರೆ ಕಾಯಿಲೆ ಅಥವಾ ಲಕ್ವದಿಂದ ಸ್ಪರ್ಶಜ್ಞಾನ ಕಡಿಮೆಯಾದವರಿಗೆ ಸುಟ್ಟರೂ ತಿಳಿಯುವುದಿಲ್ಲ. ಅಂಥವರಿಗೆ ಶಾಖ ಕೊಡಬೇಡಿ.

ಕೈಗೆ ಪ್ಲಾಸ್ಟರ್ ಹಾಕಿದಾಗ

ಕೈಯೂರಿ ಬಿದ್ದಾಗ ಮಣಿಕಟ್ಟಿನ ಬಳಿ ಮೂಳೆ ಮುರಿಯುವುದು ಬಹಳ ಸಾಮಾನ್ಯ. ಪ್ಲಾಸ್ಟರ್ ಸಾಮಾನ್ಯವಾಗಿ ಐದಾರು ವಾರ ಇರುತ್ತದೆ. ಈ ಅವಧಿಯಲ್ಲಿ ಹಲವರು ಇಡೀ ಕೈಯನ್ನು ಕೊರಳಪಟ್ಟಿಯಲ್ಲಿ ತೂಗುಹಾಕಿಕೊಂಡು ಸುಮ್ಮನಿರುತ್ತಾರೆ. ಕಟ್ಟು ಬಿಚ್ಚುವ ವೇಳೆಗೆ ಪೆಟ್ಟೇ ಬೀಳದ ಬೆರಳು, ಮೊಣಕೈ ಮತ್ತು ಭುಜ ಕೂಡ ಹಿಡಿದುಕೊಂಡಿರುತ್ತವೆ. ಪ್ಲಾಸ್ಟರಿನ ಹೊರಗಿರುವ ಕೀಲುಗಳನ್ನು, ವೈದ್ಯರು ಬೇಡವೆಂದು ಹೇಳದಿದ್ದರೆ, ಮೊದಲ ದಿನದಿಂದಲೇ ಆಡಿಸಬೇಕು.

1. ಮೊದಲ ಕೆಲವು ದಿನ ಕೈಯನ್ನು ದಿಂಬಿನ ಮೇಲೆ, ಎದೆಯ ಮಟ್ಟಕ್ಕಿಂತ ಎತ್ತರದಲ್ಲಿಡಿ. ಇದರಿಂದ ಊತ ಇಳಿಯುತ್ತದೆ.
2. ಎಚ್ಚರವಿರುವಾಗ ಗಂಟೆಗೊಮ್ಮೆ ಬೆರಳುಗಳನ್ನು ಪೂರ್ತಿ ಬಿಡಿಸಿ, ಪೂರ್ತಿ ಮುಷ್ಟಿ ಕಟ್ಟಿ. ಹೀಗೆ 10 ಬಾರಿ.
3. ಹೆಬ್ಬೆರಳಿನ ತುದಿಯನ್ನು ಉಳಿದ ನಾಲ್ಕು ಬೆರಳುಗಳ ತುದಿಗೂ ಒಂದೊಂದಾಗಿ ಮುಟ್ಟಿಸಿ.
4. ಕೈಯನ್ನು ಕೊರಳಪಟ್ಟಿಯಿಂದ ತೆಗೆದು ಮೊಣಕೈ ಮಡಿಸಿ ನೀಡಿ. ಭುಜವನ್ನು ತಲೆಯ ಮೇಲಕ್ಕೆತ್ತಿ ಇಳಿಸಿ. ದಿನಕ್ಕೆ ಮೂರು ಸಲ ಮಾಡಿ.

ಎಚ್ಚರಿಕೆ: ಕಟ್ಟು ಹಾಕಿದ ಮೇಲೆ ನೋವು ತಡೆಯಲಾರದಷ್ಟು ಹೆಚ್ಚಿದರೆ, ಬೆರಳು ಬಿಳಿಚಿಕೊಂಡರೆ ಅಥವಾ ನೀಲಿಯಾದರೆ, ಜೋಮು ಹಿಡಿದರೆ, ಬೆರಳನ್ನು ನೆಟ್ಟಗೆ ಮಾಡಹೋದಾಗ ಜೀವ ಹೋಗುವಷ್ಟು ನೋವಾದರೆ ಅದು ಅಪಾಯದ ಸೂಚನೆ. ಕಟ್ಟಿನೊಳಗೆ ರಕ್ತಸಂಚಾರ ನಿಲ್ಲುತ್ತಿದೆ ಎಂದು ಅರ್ಥ. ಬೆಳಗಾಗಲೆಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ. ಕೆಲವೇ ಗಂಟೆಗಳ ತಡದಿಂದ ಸ್ನಾಯು ಸತ್ತು ಕೈ ಜೀವನಪೂರ್ತಿ ಸೊಟ್ಟಗಾಗಬಹುದು. ನಾಟಿ ಕಟ್ಟಿನ ಬಿದಿರು ದಬ್ಬೆಗಳನ್ನು ಬಿಗಿಯಾಗಿ ಕಟ್ಟಿದಾಗಲೂ ಇದೇ ಅಪಾಯವಿದೆ.

ಪ್ಲಾಸ್ಟರ್ ತೆಗೆದ ಬಳಿಕ ಬೆಚ್ಚಗಿನ ನೀರಿನಲ್ಲಿ ಕೈ ಅದ್ದಿ ಮುಷ್ಟಿ ಕಟ್ಟುವುದು, ಒದ್ದೆ ಬಟ್ಟೆ ಹಿಂಡುವುದು, ಹಿಟ್ಟು ನಾದುವುದು ಒಳ್ಳೆಯ ವ್ಯಾಯಾಮಗಳು. ಮಣಿಕಟ್ಟು ಬಗ್ಗಲು ನಮಸ್ಕಾರದಂತೆ ಎರಡೂ ಅಂಗೈ ಜೋಡಿಸಿ, ಅಂಗೈಗಳು ಬೇರೆಯಾಗದಂತೆ ಮೊಣಕೈಗಳನ್ನು ನಿಧಾನವಾಗಿ ಮೇಲಕ್ಕೆ ತನ್ನಿ. ಮುಂಗೈ ತಿರುಗಲು ಮೊಣಕೈಯನ್ನು ಪಕ್ಕೆಗೆ ಒತ್ತಿ ಹಿಡಿದು, ಸೌಟು ಅಥವಾ ಮುದ್ದೆಕೋಲನ್ನು ನಡುವೆ ಹಿಡಿದು, ಅಂಗೈ ಮೇಲಾಗುವಂತೆ ಮತ್ತು ಕೆಳಗಾಗುವಂತೆ ತಿರುಗಿಸಿ.

ಮೊಣಕೈಗೆ ವಿಶೇಷ ಎಚ್ಚರ

ಮೊಣಕೈ ಬಹಳ ಬೇಗ ಹಿಡಿಯುವ ಕೀಲು. ಬೇರೆಯವರು ಎಳೆದು ಬಗ್ಗಿಸಿದರೆ ಇನ್ನಷ್ಟು ಕೆಡುತ್ತದೆ. ಮೊಣಕೈ ಮುರಿದಾಗ ಅಥವಾ ಜಾರಿದಾಗ ಎಣ್ಣೆ ಹಚ್ಚಿ ಬಲವಾಗಿ ತಿಕ್ಕುವುದು, ನೀವುವುದು, ಜಗ್ಗುವುದು ನಮ್ಮಲ್ಲಿ ರೂಢಿಯಲ್ಲಿದೆ. ಇದರಿಂದ ಸ್ನಾಯುವಿನೊಳಗೆ ರಕ್ತ ಒಸರಿ, ಅಲ್ಲಿಯೇ ಹೊಸ ಮೂಳೆ ಬೆಳೆದು, ಕೀಲು ಶಾಶ್ವತವಾಗಿ ಬಂಧಿಯಾಗಬಹುದು. ಮಕ್ಕಳಲ್ಲಿ ಈ ಭಯ ಹೆಚ್ಚು. ಮಕ್ಕಳಿಗೆ ಮೊಣಕೈ ಕಟ್ಟು ಬಿಚ್ಚಿದ ಮೇಲೆ ನೀವಿಸಬೇಡಿ, ಬಗ್ಗಿಸಬೇಡಿ. ನೀರಿನ ಚೆಂಬು ಕೊಟ್ಟು, ಆಟಕ್ಕೆ ಬಿಟ್ಟು, ತಾನಾಗಿಯೇ ಕೈ ಬಳಸುವಂತೆ ಮಾಡಿ. ಕೆಲವು ವಾರಗಳಿಂದ ಕೆಲವು ತಿಂಗಳುಗಳಲ್ಲಿ ಚಲನೆ ಮರಳುತ್ತದೆ.

ದೊಡ್ಡವರು ನಿರಾಶರಾಗಬೇಕಿಲ್ಲ. 1981ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ದಿನನಿತ್ಯದ ಬಹುಪಾಲು ಕೆಲಸಗಳಿಗೆ ಮೊಣಕೈ 30 ರಿಂದ 130 ಡಿಗ್ರಿಯವರೆಗೆ, ಅಂದರೆ 100 ಡಿಗ್ರಿಯಷ್ಟು ಆಡಿದರೆ ಸಾಕೆಂದು ಕಂಡುಬಂದಿದೆ. ಕೊನೆಯ ಕೆಲವು ಡಿಗ್ರಿಗಳಿಗಾಗಿ ಕೈಯನ್ನು ಜಗ್ಗಿಸಿ ಇದ್ದುದನ್ನೂ ಕಳೆದುಕೊಳ್ಳುವುದು ಬೇಡ.

ಭುಜ ಹಿಡಿದಾಗ

ಸಾಮಾನ್ಯವಾಗಿ 40 ರಿಂದ 60 ವರ್ಷದವರಲ್ಲಿ, ಪೆಟ್ಟೇನೂ ಬೀಳದಿದ್ದರೂ ಭುಜದಲ್ಲಿ ನೋವು ಪ್ರಾರಂಭವಾಗಿ ಕೈ ಎತ್ತಲಾಗದ ಸ್ಥಿತಿ ಬರುವುದುಂಟು. ಅಮೆರಿಕದ ಬೋಸ್ಟನ್ ನಗರದ ವೈದ್ಯ ಅರ್ನೆಸ್ಟ್ ಕಾಡ್‌ಮನ್ ಅವರು 1934ರಲ್ಲಿ ಇದನ್ನು "ಹೆಪ್ಪುಗಟ್ಟಿದ ಭುಜ" ಎಂದು ಕರೆದರು. ಸಕ್ಕರೆ ಕಾಯಿಲೆ ಇರುವವರಲ್ಲಿ ಇದು ಉಳಿದವರಿಗಿಂತ ಹಲವು ಪಟ್ಟು ಹೆಚ್ಚು. ಮೊದಲು ನೋವು, ಆಮೇಲೆ ಬಿಗಿತ, ಕೊನೆಗೆ ನಿಧಾನವಾದ ಸಡಿಲಿಕೆ ಎಂಬ ಮೂರು ಹಂತಗಳಲ್ಲಿ ಒಂದರಿಂದ ಮೂರು ವರ್ಷ ಕಾಡಬಹುದು. ಇಂಥವರು ರಕ್ತದ ಸಕ್ಕರೆ ಪರೀಕ್ಷೆ ಮಾಡಿಸಿ ಹತೋಟಿಯಲ್ಲಿಡಬೇಕು. ಭುಜದ ನೋವಿನ ಜೊತೆಗೆ ಎದೆ ಹಿಂಡಿದಂತಾಗಿ ಬೆವರು ಬಂದರೆ ಅದು ಹೃದಯದ ತೊಂದರೆಯಿರಬಹುದು. ಕೂಡಲೇ ಆಸ್ಪತ್ರೆ ಸೇರಬೇಕು.

1. ಲೋಲಕ: ಒಳ್ಳೆಯ ಕೈಯನ್ನು ಮಂಚದ ಅಂಚಿಗೆ ಊರಿ, ಮುಂದಕ್ಕೆ ಬಾಗಿ, ನೋಯುವ ಕೈಯನ್ನು ಸಡಿಲವಾಗಿ ಇಳಿಬಿಡಿ. ಮೈಯನ್ನು ತುಸು ಓಲಾಡಿಸುತ್ತ ಕೈ ಹಿಂದೆ ಮುಂದೆ, ಆಮೇಲೆ ಚಿಕ್ಕ ಸುತ್ತಿನಲ್ಲಿ ತೂಗುವಂತೆ ಮಾಡಿ. ನೋವು ಜಾಸ್ತಿ ಇರುವ ಹಂತದಲ್ಲಿ ಇದೊಂದೇ ಸಾಕು.
2. ಗೋಡೆ ಏರುವುದು: ಗೋಡೆಗೆ ಮುಖ ಮಾಡಿ ನಿಂತು ಬೆರಳುಗಳಿಂದ ಹಲ್ಲಿಯಂತೆ ಮೇಲಕ್ಕೆ ಏರಿಸಿ. ಏರಿದಲ್ಲಿ ಐದರವರೆಗೆ ಎಣಿಸಿ ಇಳಿಸಿ.
3. ಕೋಲು: ಅಂಗಾತ ಮಲಗಿ, ಮೊಣಕೈಗಳನ್ನು ಪಕ್ಕೆಗಿಟ್ಟು ಮಡಿಸಿ, ಎರಡೂ ಕೈಯಲ್ಲಿ ಒಂದು ಕೋಲು ಹಿಡಿದು, ಒಳ್ಳೆಯ ಕೈಯಿಂದ ನೋಯುವ ಕೈಯನ್ನು ಹೊರಕ್ಕೆ ತಳ್ಳಿ.
4. ಟವೆಲ್: ಬೆನ್ನುಜ್ಜುವಂತೆ ಟವೆಲನ್ನು ಹಿಂದೆ ಹಿಡಿದು, ನೋಯುವ ಕೈ ಕೆಳಗಿರಲಿ, ಒಳ್ಳೆಯ ಕೈಯಿಂದ ಮೇಲಕ್ಕೆ ಎಳೆಯಿರಿ.
5. ರಾಟೆ: ಗಟ್ಟಿ ತೊಲೆಗೆ ಬಾವಿಯ ರಾಟೆ ಕಟ್ಟಿ, ಹಗ್ಗದ ಎರಡು ತುದಿಗಳನ್ನು ಎರಡು ಕೈಗಳಲ್ಲಿ ಹಿಡಿದು, ಒಳ್ಳೆಯ ಕೈ ಕೆಳಕ್ಕೆಳೆದಾಗ ನೋಯುವ ಕೈ ಮೇಲೇರುವಂತೆ ಮಾಡಿ. ಲಕ್ವ ಹೊಡೆದ ಕೈಗೆ ಮಾತ್ರ ರಾಟೆ ಬಳಸಲೇಬಾರದು.

ಮಂಡಿ ಮತ್ತು ಪಾದ

1. ಕಾಲು ನೀಡಿ ಕುಳಿತು, ಮಂಡಿಯ ಹಿಂಬದಿಯನ್ನು ನೆಲಕ್ಕೆ ಒತ್ತುತ್ತ ತೊಡೆಯ ಸ್ನಾಯುವನ್ನು ಬಿಗಿಮಾಡಿ. ಐದರವರೆಗೆ ಎಣಿಸಿ ಬಿಡಿ.
2. ಹಿಮ್ಮಡಿಯ ಕೆಳಗೆ ಬಟ್ಟೆಯ ತುಂಡು ಹಾಕಿ, ನೆಲದ ಮೇಲೆ ಜಾರಿಸುತ್ತ ಮಂಡಿ ಮಡಿಸಿ, ನೀಡಿ.
3. ಎತ್ತರದ ಮಂಚದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತು, ಒಳ್ಳೆಯ ಕಾಲಿನಿಂದ ನೋಯುವ ಕಾಲನ್ನು ಮೆಲ್ಲಗೆ ಹಿಂದಕ್ಕೆ ಒತ್ತಿ.
4. ಪಾದವನ್ನು ಪೂರ್ತಿ ಮೇಲಕ್ಕೆ, ಪೂರ್ತಿ ಕೆಳಕ್ಕೆ ಆಡಿಸಿ. ಹಾಸಿಗೆಯಲ್ಲಿರುವವರು ಇದನ್ನು ಆಗಾಗ ಮಾಡುತ್ತಿದ್ದರೆ ಕಾಲಿನ ರಕ್ತಸಂಚಾರಕ್ಕೂ ಒಳ್ಳೆಯದು.
5. ವೈದ್ಯರು ಪೂರ್ತಿ ಭಾರ ಹಾಕಬಹುದೆಂದ ಮೇಲೆ, ಕಿಟಕಿಯ ಸರಳನ್ನೋ ಕಂಬವನ್ನೋ ಹಿಡಿದು ದಿನದಿಂದ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಕೆಳಕ್ಕೆ ಕುಳಿತು ಏಳಿ. ಕೃತಕ ಮಂಡಿ ಅಳವಡಿಸಿಕೊಂಡವರು ಇದನ್ನು ಮಾಡಬಾರದು.

ಮಂಡಿ ನೋಯುವಾಗ ಹಾಯೆನಿಸುವುದೆಂದು ಅದರ ಕೆಳಗೆ ದಿಂಬಿಟ್ಟು ಮಲಗುವ ಅಭ್ಯಾಸ ಒಳ್ಳೆಯದಲ್ಲ. ಹಾಗೆ ಮಾಡಿದರೆ ಮಂಡಿ ಬಗ್ಗಿದ ಸ್ಥಿತಿಯಲ್ಲಿಯೇ ಹಿಡಿದು, ಆಮೇಲೆ ಕುಂಟುತ್ತ ನಡೆಯಬೇಕಾಗುತ್ತದೆ. ದಿಂಬಿಡಲೇಬೇಕಾದರೆ ಹಿಮ್ಮಡಿಯ ಕೆಳಗಿಡಿ. ಮೀನಖಂಡ ಒಂದೇ ಕಡೆ ಊದಿ, ಬಿಸಿಯಾಗಿ, ನೋಯುತ್ತಿದ್ದರೆ ರಕ್ತ ಹೆಪ್ಪುಗಟ್ಟಿರುವ ಸಂಭವವುಂಟು. ನೀವದೆ ವೈದ್ಯರಿಗೆ ತೋರಿಸಿ. ಜೊತೆಗೆ ಉಸಿರಾಟ ಕಷ್ಟವಾದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಿರಿ.

ವಯಸ್ಸಾದವರ ಮಂಡಿ ಸವೆತದ ನೋವಿಗೂ ಚಲನೆ ಹಿತಕರ. ತೊಡೆಯ ಸ್ನಾಯು ಬಲಗೊಂಡಷ್ಟೂ ಮಂಡಿಯ ನೋವು ಕಡಿಮೆಯಾಗುತ್ತದೆ.

ಲಕ್ವ ಹೊಡೆದವರ ಆರೈಕೆ

ಮುಖ ಸೊಟ್ಟಗಾಗಿ, ಒಂದು ಕೈ ಬಲ ಕಳೆದುಕೊಂಡು, ಮಾತು ತೊದಲಿದರೆ 108ಕ್ಕೆ ಫೋನು ಮಾಡಿ ಆಗಲೇ ಆಸ್ಪತ್ರೆಗೆ ಸೇರಿಸಿ. ಮೊದಲ ಗಂಟೆಗಳ ಚಿಕಿತ್ಸೆಗೆ ಬೆಲೆ ಹೆಚ್ಚು. ಅಪಾಯ ಕಳೆದು ಮನೆಗೆ ಬಂದ ಮೇಲೆ ಆರೈಕೆಯ ಹೊಣೆ ಮನೆಯವರದು.

ರೋಗಿಯನ್ನು ಅಂಗಾತ ಮಲಗಿಸಿ. ಒಂದು ಕೈಯಿಂದ ಕೀಲಿನ ಮೇಲ್ಭಾಗಕ್ಕೆ ಆಧಾರ ಕೊಟ್ಟು, ಇನ್ನೊಂದರಿಂದ ಕೆಳಭಾಗವನ್ನು ಹಿಡಿದು, ಪ್ರತಿ ಕೀಲನ್ನೂ 5 ರಿಂದ 10 ಬಾರಿ, ದಿನಕ್ಕೆ ಎರಡು ಸಲ ಆಡಿಸಿ. ಕೈಯಲ್ಲಿ: ಹೆಬ್ಬೆರಳು ಮೇಲ್ಮುಖವಾಗಿರುವಂತೆ ಕೈಯನ್ನು ಮುಂದಿನಿಂದ ಮೇಲಕ್ಕೆತ್ತುವುದು, ಮೊಣಕೈ ಮಡಿಸಿ ನೀಡುವುದು, ಅಂಗೈ ತಿರುಗಿಸುವುದು, ಮಣಿಕಟ್ಟು ಹಿಂದಕ್ಕೆ ಬಾಗಿಸುವುದು, ಬೆರಳುಗಳನ್ನೂ ಹೆಬ್ಬೆರಳನ್ನೂ ಬಿಡಿಸುವುದು. ಕಾಲಿನಲ್ಲಿ: ಮಂಡಿ ಮಡಿಸಿ ಹೊಟ್ಟೆಯ ಕಡೆಗೆ ತರುವುದು, ನೀಡುವುದು, ಕಾಲನ್ನು ಪಕ್ಕಕ್ಕೆ ಸರಿಸುವುದು, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮುಂಗೈಯಿಂದ ಪಾದವನ್ನು ಮೇಲಕ್ಕೆ ಒತ್ತುವುದು.

ಭುಜದ ವಿಷಯದಲ್ಲಿ ಬಹಳ ಜಾಗರೂಕತೆ ಬೇಕು. ಲಕ್ವ ಹೊಡೆದ ಭುಜದ ಸ್ನಾಯುಗಳು ಸಡಿಲವಾಗಿರುವುದರಿಂದ ಕೀಲು ಜಾರುವ ಸಂಭವವಿದೆ. ರೋಗಿಯನ್ನು ಎಬ್ಬಿಸುವಾಗ ಆ ಕೈ ಹಿಡಿದು ಎಳೆಯಬೇಡಿ. ಕಂಕುಳಲ್ಲಿ ಕೈ ಹಾಕಿಯೂ ಎತ್ತಬೇಡಿ. ಬೆನ್ನಿಗೆ ಮತ್ತು ಸೊಂಟಕ್ಕೆ ಆಧಾರ ಕೊಟ್ಟು ಎಬ್ಬಿಸಿ. ಫಿಸಿಯೋಥೆರಪಿಸ್ಟರು ತೋರಿಸಿಕೊಡುವವರೆಗೆ ಕೈಯನ್ನು ಭುಜದ ಮಟ್ಟಕ್ಕಿಂತ ಮೇಲೆ ಎತ್ತಬೇಡಿ.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಬೇರೆಯವರು ಆಡಿಸುವುದರಿಂದಲೇ ಎಲ್ಲವೂ ಸರಿಹೋಗುವುದೆಂದು ನಿರೀಕ್ಷಿಸಬಾರದು. ಸ್ನಾಯುಗಳನ್ನು ಹಿಗ್ಗಿಸಿಡುವ ಚಿಕಿತ್ಸೆಯ ಬಗ್ಗೆ ಜಗತ್ತಿನ ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಕಾಕ್ರೇನ್ ಸಮೀಕ್ಷೆಯಲ್ಲಿ, ಲಕ್ವದಂಥ ನರಸಂಬಂಧಿ ರೋಗಗಳಲ್ಲಿ ಏಳು ತಿಂಗಳಿಗಿಂತ ಕಡಿಮೆ ಅವಧಿಯ ಹಿಗ್ಗಿಸುವಿಕೆಯಿಂದ ಕೀಲಿನ ಚಲನೆಯಲ್ಲಿ ಹೇಳಿಕೊಳ್ಳುವಂಥ ಹೆಚ್ಚಳ ಕಾಣಲಿಲ್ಲ. ಆದ್ದರಿಂದ ರೋಗಿಯಲ್ಲಿ ಅಳಿದುಳಿದ ಶಕ್ತಿಯನ್ನು ದಿನದ ಕೆಲಸಕ್ಕೆ ಹಚ್ಚುವುದು ಮುಖ್ಯ. ಒಳ್ಳೆಯ ಕೈಯಿಂದ ಬಲಹೀನ ಕೈಯನ್ನು ತಾನೇ ಹಿಡಿದು ಆಡಿಸಲಿ, ಮಗ್ಗುಲು ತಾನೇ ಬದಲಿಸಲಿ, ಕುಳಿತುಕೊಳ್ಳಲಿ, ಲೋಟ ಹಿಡಿಯಲು ಯತ್ನಿಸಲಿ. ಹೊರಳಲಾರದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಾಯಿಸಿ. ಇದರಿಂದ ಹಾಸಿಗೆ ಹುಣ್ಣು ಆಗುವ ಸಂಭವ ಕಡಿಮೆಯಾಗುತ್ತದೆ.

ಯಾವಾಗ ಆಡಿಸಬಾರದು?

ಕೀಲು ಕೆಂಪಗಾಗಿ, ಬಿಸಿಯೇರಿ, ಊದಿಕೊಂಡು ಜ್ವರವೂ ಇದ್ದರೆ ಒಳಗೆ ಕೀವು ಆಗುತ್ತಿರಬಹುದು. ತಿಂಗಳುಗಟ್ಟಲೆ ಒಂದೇ ಕೀಲು ಊದಿ, ಸಂಜೆ ಜ್ವರ ಬಂದು, ಮೈ ಇಳಿಯುತ್ತಿದ್ದರೆ ಕೀಲಿನ ಕ್ಷಯವೂ ಇರಬಹುದು. ಹೊಸದಾಗಿ ಬಿದ್ದ ಪೆಟ್ಟಿನಲ್ಲಿ ಮೂಳೆ ಮುರಿದಿದೆಯೋ ಇಲ್ಲವೋ ತಿಳಿಯದಿರಬಹುದು. ಈ ಮೂರು ಸಂದರ್ಭಗಳಲ್ಲಿ ಮೊದಲು ವೈದ್ಯರ ಪರೀಕ್ಷೆ, ಆಮೇಲೆ ವ್ಯಾಯಾಮ.

ಅಳತೆ ಬರೆದಿಡಿ

ಬೆಳೆಯ ಖರ್ಚು ವೆಚ್ಚ ಬರೆದಿಡುವಂತೆ ಇದನ್ನೂ ಬರೆದಿಡಿ. ಬೆರಳು ಗೋಡೆ ಏರಿದ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಎಳೆದು ತಾರೀಖು ಹಾಕಿ. ಮಂಡಿಗೆ, ಹಿಮ್ಮಡಿ ಜಾರಿ ಬಂದ ಜಾಗವನ್ನು ನೆಲದ ಮೇಲೆ ಗುರುತು ಮಾಡಿ. ಮುಷ್ಟಿ ಕಟ್ಟಿದಾಗ ಬೆರಳ ತುದಿಗೂ ಅಂಗೈಗೂ ಎಷ್ಟು ಅಂತರ ಉಳಿಯಿತೆಂದು ಅಡ್ಡ ಬೆರಳಿನಿಂದ ಅಳೆಯಿರಿ. ವಾರಕ್ಕೊಮ್ಮೆ ನೋಡಿದಾಗ ಗುರುತು ಮುಂದೆ ಸರಿದಿದ್ದರೆ ನೀವು ಸರಿಯಾದ ದಾರಿಯಲ್ಲಿದ್ದೀರಿ. ಎರಡು ಮೂರು ವಾರವಾದರೂ ಸರಿಯದಿದ್ದರೆ ಅಥವಾ ಹಿಂದೆ ಬಂದಿದ್ದರೆ ಜಿಲ್ಲಾ ಆಸ್ಪತ್ರೆಯ ಅಥವಾ ಹತ್ತಿರದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಫಿಸಿಯೋಥೆರಪಿ ವಿಭಾಗಕ್ಕೆ ಹೋಗಿ ತೋರಿಸಿ. ನಿಮ್ಮ ಬರಹವನ್ನೂ ಜೊತೆಯಲ್ಲಿ ಒಯ್ಯಿರಿ. ಅಲ್ಲಿ ಒಮ್ಮೆ ಕಣ್ಣಾರೆ ನೋಡಿ ಕಲಿತರೆ ಮನೆಯಲ್ಲಿ ಮುಂದುವರಿಸಬಹುದು. ಆರೈಕೆ ಮಾಡುವ ಹೆಂಡತಿ, ಮಗ, ಸೊಸೆ, ಯಾರಾದರೂ ಸರಿ, ಅವರನ್ನೂ ಕರೆದುಕೊಂಡು ಹೋಗಿ ಕಲಿಸಿ.

ನೆನಪಿಡಬೇಕಾದ ಅಂಶಗಳು

1. ಪ್ಲಾಸ್ಟರಿನ ಹೊರಗಿರುವ ಕೀಲುಗಳನ್ನು ಮೊದಲ ದಿನದಿಂದಲೇ ಆಡಿಸಿ.
2. ತಾನೇ ಮಾಡುವ ಚಲನೆಯೇ ಶ್ರೇಷ್ಠ.
3. ನಿಧಾನವಾಗಿ, ಪೂರ್ಣ ಮಿತಿಯವರೆಗೆ, ದಿನವೂ ಮಾಡಿ. ಜಗ್ಗಬೇಡಿ, ಬಲವಾಗಿ ನೀವಿಸಬೇಡಿ.
4. ಕಟ್ಟಿನೊಳಗೆ ತಡೆಯಲಾರದ ನೋವು, ಜೋಮು, ಬೆರಳು ಬಿಳಿಚುವುದು ಕಂಡರೆ ಆಗಲೇ ಆಸ್ಪತ್ರೆಗೆ ಹೋಗಿ.
5. ಲಕ್ವದ ಕೈಯನ್ನು ಹಿಡಿದೆಳೆಯಬೇಡಿ.
6. ನಿಮ್ಮ ಕೆಲಸಕ್ಕೆ ಎಷ್ಟು ಚಲನೆ ಬೇಕೆಂದು ವೈದ್ಯರಿಗೆ ತಿಳಿಸಿ. ಅಷ್ಟು ಬರುವವರೆಗೆ ವ್ಯಾಯಾಮ ನಿಲ್ಲಿಸಬೇಡಿ.

ಕಟ್ಟು ಬಿಚ್ಚಿದ ನಂತರದ ಎರಡು ಮೂರು ತಿಂಗಳು ಅತ್ಯಂತ ಮುಖ್ಯವಾದ ಕಾಲ. ಆಗ ದಿನಕ್ಕೆ ಅರ್ಧ ಗಂಟೆ ಇದಕ್ಕೆ ಮೀಸಲಿಟ್ಟರೆ ಮುಂದಿನ ಹಂಗಾಮಿಗೆ ನಿಮ್ಮ ಕೈಕಾಲುಗಳು ಮತ್ತೆ ದುಡಿಮೆಗೆ ಒದಗುತ್ತವೆ.